ಚಿಪ್ಪಿನ ಕೋಳಿ

ನಾನೊಂದು ಕೋಳಿ. ಮೊಟ್ಟೆಯೊಡೆದು ಬಂದವಳಲ್ಲ, ಧಾರವಾಡದ ಒಂದು ಓಣಿಯ ಕಸದಿಂದ ಎದ್ದು ಬಂದವಳು. ಯಾರೋ ಕಾಯಿ ತುರಿದು ಬಿಸಾಡಿದ ಚಿಪ್ಪು ನನ್ನ ಹೊಟ್ಟೆ. ಗೋವಿನಜೋಳದ ಒಣಸಿಪ್ಪೆ ರೆಕ್ಕೆ, ಸೀತಾಫಲದ ಬೀಜ ಕಣ್ಣು, ಒಡೆದ ಬಕೀಟಿನ ಕೆಂಪು ಚೂರು ಜುಟ್ಟು. ಶೇಂಗಾ ಸಿಪ್ಪೆಯ ಮರಿಗಳೂ ನನಗಿದ್ದವು. ಎಲ್ಲವನ್ನೂ ಜಾಲಿಯ ಅಂಟಿನಿಂದ ಕೂಡಿಸಿದವಳು ಐದನೆಯ ತರಗತಿಯ ನೀಲವ್ವ. ಅಂಟು ಆರುವವರೆಗೆ ನನ್ನನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೂತಿದ್ದಳು. ತನ್ನ ಶಾಲೆಯ ವಸ್ತುಪ್ರದರ್ಶನಕ್ಕೆ ನನ್ನನ್ನು ಒಯ್ಯಬೇಕೆಂದು ಅವಳ ಆಸೆ.

ಅವಳ ತಾಯಿ ದ್ಯಾಮವ್ವ ಮನೆಗೆಲಸದವಳು. ಮಗಳ ಕೈಚಳಕ ತೋರಿಸುವ ಹಿಗ್ಗಿನಲ್ಲಿ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಲಸದ ಮನೆಗೆ ಒಯ್ದಳು.

"ಎಷ್ಟ ಛಂದ ಅದ! ನಾಳೆ ನಮ್ಮ ಇಂಪನಾಗ ಸಾಲ್ಯಾಗ ಇಂಥಾದ್ದs ಸ್ಪರ್ಧಾ ಅದ. ಇದು ಇಲ್ಲೇ ಇರ್ಲಿ" ಎಂದರು ಮನೆಯೊಡತಿ ಸುಮಿತ್ರಾ.

"ಮಗಳ್ನ ಒಂದ್ ಮಾತ ಕೇಳ್ತೀನ್ರಿ, ಅಕ್ಕಾರ..."

"ಆಕಿ ಇನ್ನೊಂದ ಮಾಡ್ಕೋತಾಳ ತಗೋ."

ದ್ಯಾಮವ್ವ ನನ್ನನ್ನು ಮೇಜಿನ ಮೇಲಿಟ್ಟು ಕಸಬರಿಗೆ ಎತ್ತಿಕೊಂಡಳು.

ಇಂಪನಾಳ ಶಾಲೆಯಲ್ಲಿ ನನಗೆ ಮೊದಲ ಬಹುಮಾನ ಬಂತು. "ಹೇಗೆ ಮಾಡಿದೆ ಪುಟ್ಟಿ?" ಎಂದು ಟೀಚರ್ ಕೇಳಿದರು. ತಾಯಿ ಕಲಿಸಿದ್ದನ್ನು ಇಂಪನಾ ಒಪ್ಪಿಸಿದಳು: "ಮೊಬೈಲ್ ನೋಡಿ ಮಾಡಿದೆ ಮಿಸ್." ನೀಲವ್ವ ನನಗೆ ಕೊಕ್ಕು ಇಟ್ಟಿದ್ದಳು, ದನಿ ಇಟ್ಟಿರಲಿಲ್ಲ. ಅವಳು ಬರಿಗೈಲಿ ತನ್ನ ಶಾಲೆಗೆ ಹೋದದ್ದು ಆಮೇಲೆ ದ್ಯಾಮವ್ವ ಪಾತ್ರೆ ತಿಕ್ಕುತ್ತ ಗೊಣಗಿದಾಗ ತಿಳಿಯಿತು.

ಬಳಿಕ ನಾನು ಗಾಜಿನ ಕಪಾಟು ಸೇರಿದೆ. ಬೇಸಿಗೆ ರಜೆಯಲ್ಲಿ ತಾಯಿಯೊಂದಿಗೆ ಬಂದ ನೀಲವ್ವ ನನ್ನನ್ನು ಕಂಡಳು. ಗಾಜು ಸರಿಸಿ, ಓರೆಯಾಗಿದ್ದ ಒಂದು ಮರಿಯನ್ನು ನೆಟ್ಟಗೆ ಕೂಡಿಸಿದಳು, ಅಷ್ಟೇ.

"ಮಮ್ಮೀ, ನಾ ಮಾಡಿದ್ದನ್ನ ಈಕಿ ಮುಟ್ಲಿಕ್ಕತ್ತಾಳ!" ಇಂಪನಾ ಚೀರಿದಳು. ಅಷ್ಟರಲ್ಲಾಗಲೇ ಆ ಹುಡುಗಿ ತನ್ನ ಸುಳ್ಳನ್ನು ತಾನೇ ನಂಬಿದ್ದಳು.

"ನಾ ಮಾಡಿದ್ದದು" ಎಂದಳು ನೀಲವ್ವ.

ಸುಮಿತ್ರಾ ಬಂದು ದ್ಯಾಮವ್ವನ ಮುಖವನ್ನೇ ನೋಡಿದರು. ದ್ಯಾಮವ್ವ ಮಗಳ ಕೆನ್ನೆಗೆ ಬಾರಿಸಿದಳು.

"ಸುಳ್ಳ ಹೇಳ್ತಿ? ಅದು ಅವರದು!"

ಹೊಡೆದ ಕೈಯಿಂದಲೇ ಕಪಾಟಿನ ಗಾಜು ಮುಚ್ಚಿದಳು.

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನನ್ನ ರೆಕ್ಕೆಗೆ ಹುಳ ಹಿಡಿದದ್ದು ಕಂಡಿತು. "ಒಯ್ಯವಾ, ನಿನ್ನ ಮಗಳು ಆಡ್ಕೊಳ್ಳಲಿ" ಎಂದು ಸುಮಿತ್ರಾ ನನ್ನನ್ನು ದಾನ ಮಾಡಿದರು. ಮನೆಯಲ್ಲಿ ದ್ಯಾಮವ್ವ ನನ್ನನ್ನು ಚಾಚಿದಾಗ ನೀಲವ್ವ ಕೈ ನೀಡಲಿಲ್ಲ.

"ಅವರದು ಅಂತ ನೀನs ಅಂದಿದ್ದಿ ಅಲ್ಲಾ ಯವ್ವಾ" ಎಂದಳು.

ಈಗ ನಾನು ಬಚ್ಚಲೊಲೆಯ ಬದಿಯ ಕಟ್ಟಿಗೆ ರಾಶಿಯ ಮೇಲಿದ್ದೇನೆ. ಚಿಪ್ಪು ಚೆನ್ನಾಗಿ ಉರಿಯುತ್ತದೆ, ಅದರ ಭಯ ನನಗಿಲ್ಲ. ಮೊನ್ನೆ ಪಕ್ಕದ ಮನೆಯ ಮಗುವೊಂದು "ನನಗೊಂದ ಗೊಂಬಿ ಮಾಡಿಕೊಡs ಅಕ್ಕಾ" ಎಂದು ನೀಲವ್ವನಿಗೆ ದುಂಬಾಲು ಬಿದ್ದಿತ್ತು.

"ನಂಗ ಮಾಡಾಕ ಬರೂದಿಲ್ಲ" ಎಂದುಬಿಟ್ಟಳು.

ಇಂಪನಾಳ ಸುಳ್ಳನ್ನು ನಾನು ಹೇಗೋ ತಾಳಿಕೊಂಡಿದ್ದೆ. ಇದನ್ನು ತಾಳಲಾರೆ.