ತೋಳಿನ ಒಳಮಗ್ಗುಲು

ಹರಿದ ಬಟ್ಟೆಯ ಎಳೆಗೆ ಎಳೆ ಕೂಡಿಸಿ, ಹರಿದದ್ದೇ ಸುಳ್ಳು ಅನ್ನಿಸುವುದು ನನ್ನ ಚಿಕ್ಕಮ್ಮನ ಕಸುಬು. ಬಸ್ ನಿಲ್ದಾಣದಲ್ಲಿ ಕಳ್ಳನೊಬ್ಬ ಅವಳ ಚೀಲ ಕಿತ್ತುಕೊಳ್ಳುವಾಗ ಚಾಕು ಬೀಸಿದ. ಮುಂಗೈಯ ನರ ತುಂಡಾಗಿ ಎರಡು ಬೆರಳು ಮಡಚದಾದವು. ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಮಾತ್ರ ಮತ್ತೆ ಸೂಜಿ ಹಿಡಿಯಬಹುದು ಎಂದರು ಡಾಕ್ಟರು. ಆ ಖರ್ಚು ನಮ್ಮ ಕೈಗೆಟುಕದ್ದು. ಇಂಥವರಿಗೆ ಸರ್ಕಾರದ ಪರಿಹಾರವಿದೆ ಎಂದು ನರ್ಸಮ್ಮನೇ ಅರ್ಜಿ ತುಂಬಿಸಿ ಕಳಿಸಿದರು.

ಪರಿಹಾರ ಕಚೇರಿಯ ಅಧಿಕಾರಿ ಮೇಡಂ ಕಾಗದ ತಿರುವಿ ನಿಟ್ಟುಸಿರಿಟ್ಟರು.

"ಕಳ್ಳ ಸಿಕ್ಕಿಲ್ಲ, ನೋಡಿದವ್ರಿಲ್ಲ. ನೀವೋ ಕತ್ತರಿ ಹಿಡಿಯೋರು. ಕೆಲಸದಲ್ಲೇ ಕೊಯ್ಕೊಂಡ್ರಿ ಅಂತ ಸಮಿತಿಯವ್ರು ಅಂದ್ರೆ? ಅವತ್ತು ಹಾಕಿದ್ದ ಬಟ್ಟೆ ಇದೆಯಾ?"

"ಇದೇ ಕೋಟು ಮೇಡಂ," ಎಂದಳು ಚಿಕ್ಕಮ್ಮ.

"ಹರಿದಿರೋದೆಲ್ಲಿ?"

ಅವಳು ಆಸ್ಪತ್ರೆಯಲ್ಲಿದ್ದಾಗ ಕೋಟಿನ ರಕ್ತ ತೊಳೆದು ಹರಿದ ತೋಳು ಕೂಡಿಸಿಟ್ಟವಳು ನಾನೇ. ಹರಿದದ್ದನ್ನು ಹಾಗೇ ಇಡುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

"ನಾನು ಹೊಲಿದ್ಬಿಟ್ಟೆ."

"ಕಾಣ್ತಾನೇ ಇಲ್ವಲ್ಲ ತಾಯಿ!"

ಚಿಕ್ಕಮ್ಮನ ಮುಖ ಅರಳಿತು. "ಎಂಟು ವರ್ಷ ಬೈದು ಬೈದು ಕಲಿಸಿದೀನಿ."

"ಚಿಕ್ಕಮ್ಮ, ಜಂಬ ಕೊಚ್ಚೋ ಹೊತ್ತಾ ಇದು?"

"ಕೋಟು ಬಿಚ್ಚಿ ಕೊಡಿ. ಒಳಗಡೆ ನೋಡ್ತೀನಿ," ಎಂದರು ಮೇಡಂ.

ಚಿಕ್ಕಮ್ಮ ಕೋಟನ್ನು ಎದೆಗವಚಿಕೊಂಡಳು. ನಮ್ಮ ಕಸುಬಿನಲ್ಲಿ ಒಳಮಗ್ಗುಲನ್ನು ಪರರಿಗೆ ತೋರಿಸುವುದಿಲ್ಲ. "ಬೇಡ ಮೇಡಂ, ಮಾನ ಹೋಗತ್ತೆ. ಇವಳದ್ದಿನ್ನೂ ಒಳಗೆಲ್ಲ ಗಂಟು ಗಂಟು."

"ಮಾನ ಆಮೇಲೆ, ಕೈ ಮೊದ್ಲು. ಕೊಡ್ರೀ ಇಲ್ಲಿ."

ತೋಳು ಮಗುಚಿದರು. ಅಜ್ಜಿಯ ಕಥೆಯಲ್ಲಿ ಕಾಡುಪಾಲಾದ ರಾಜಕುಮಾರಿ ದಾರಿಯುದ್ದಕ್ಕೂ ಚೆಲ್ಲಿದ ಮಣಿಗಳ ಹಾಗೆ, ನನ್ನ ಗಂಟುಗಳು ಮೊಣಕೈಯಿಂದ ಮಣಿಕಟ್ಟಿನವರೆಗೆ ಓರೆಯಾಗಿ ಸಾಲುಗಟ್ಟಿದ್ದವು. ಮೇಡಂ ಅಳತೆಪಟ್ಟಿ ಇಟ್ಟು ಅಳೆದರು. ಆಮೇಲೆ ಚಿಕ್ಕಮ್ಮನ ಗಾಯದ ಗುರುತನ್ನೂ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಕೋಟು ಹಾಕ್ಕೊಂಡು ಹೊಲಿಯೋಕೆ ಕೂರೋರನ್ನ ನಾನಂತೂ ನೋಡಿಲ್ಲ," ಎಂದು ಗೊಣಗುತ್ತ, ಒಂದಿಡೀ ಪುಟ ತಾವೇ ಬರೆದರು. ಊಟದ ಹೊತ್ತು ಮೀರಿದರೂ ಡಬ್ಬಿ ಮುಟ್ಟದೆ, ಕೋಟನ್ನು ಹೆಗಲಿಗೆ ಹಾಕಿಕೊಂಡು ಸಮಿತಿಯವರ ಕೋಣೆಗೆ ಹೋದರು.

ಮೂರು ತಿಂಗಳ ಗಡುವಿಗೆ ಒಂಬತ್ತು ದಿನ ಉಳಿದಿರುವಾಗ ಹಣ ಆಸ್ಪತ್ರೆಗೆ ಬಂತು.

ಶಸ್ತ್ರಚಿಕಿತ್ಸೆಯಾಗಿ ಕಟ್ಟು ಬಿಚ್ಚಿದ ಮೇಲೆ ಚಿಕ್ಕಮ್ಮ ಮೊದಲು ಹೊರಟಿದ್ದು ಆ ಕಚೇರಿಗೆ. ಒಳಗೆ ತಲೆಗೆ ಪಟ್ಟಿ ಸುತ್ತಿದ ಮುದುಕರೊಬ್ಬರು ಅಳುತ್ತ ಕೂತಿದ್ದರು. ನಡುವೆ ಮಾತಾಡಲು ಮನಸ್ಸು ಬರದೆ ಬಾಗಿಲಲ್ಲೇ ನಿಂತೆವು. ಮೇಡಂ ತಲೆಯೆತ್ತಿದಾಗ ಚಿಕ್ಕಮ್ಮ ಕೈ ಎತ್ತಿ, ಆ ಎರಡು ಬೆರಳನ್ನು ಮೆಲ್ಲಗೆ ಮಡಚಿದಳು.

ಮೇಡಂ ಕನ್ನಡಕ ಹುಡುಕಿ ಹಾಕಿಕೊಂಡರು.

"ಇನ್ನೊಂದ್ಸಲ ಮಡಚ್ರಿ," ಎಂದರು, "ಸರಿಯಾಗಿ ನೋಡ್ತೀನಿ."