ಸೋಡಿಯಂ ಅಳತೆಯ ಬಳೆ

ಹೆಣದ ಕಾಲ ಬಳಿ ಹಾರ ಇಡಲು ಬಗ್ಗಿದ ಸುಬ್ಬರಾಯ ಮೇಷ್ಟ್ರ ಕೈಗೆ ಗುತ್ಯಮ್ಮ ಅಡ್ಡ ಬಂದಳು.

"ಹಾರ ಆಮೇಲೆ ಮೇಷ್ಟ್ರೇ. ಆ ಪಟದ ತಪ್ಪು ನನ್ನ ಗಂಡಂದಲ್ಲ ಅಂತ ಒಂದ್ಮಾತು ಹೇಳಿ. ಎತ್ತೋದ್ರೊಳಗೆ ಹೇಳಿ."

ಚಟ್ಟ ಕಟ್ಟುತ್ತಿದ್ದವರು ತಲೆಯೆತ್ತಿದರು. ಸತ್ತ ಬೆಳ್ಳಪ್ಪ ಹೈಸ್ಕೂಲಿನ ಜವಾನ. ನಿನ್ನೆ ಗಂಟೆ ಹೊಡೆಯುತ್ತಲೇ ಬಿದ್ದಿದ್ದ. ಮೇಷ್ಟ್ರೋ, ಅದೇ ಶಾಲೆಯ ವಿಜ್ಞಾನದ ಮಹಾಪಂಡಿತರು. ಇಪ್ಪತ್ತು ವರ್ಷ ಒಂದೇ ನೋಟ್ಸು ಓದಿ ಹೇಳಿಯೇ ಹೆಡ್ಮಾಸ್ಟರಾಗಿದ್ದರು. ಸಾವಿನ ಮನೆಗೂ ಇಸ್ತ್ರಿ ಕೋಟು ತೊಟ್ಟು ಬಂದ ಮಹಾನುಭಾವರು ಮೂಗಿಗೆ ಕರವಸ್ತ್ರ ಹಿಡಿದಿದ್ದರು.

"ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಾಳೆ," ಎಂದರು, ಬೆಳ್ಳಪ್ಪನ ತಮ್ಮ ಜಯಪ್ಪನ ಕಡೆ ತಿರುಗಿ. "ಓದು ಬರದವನು, ತಪ್ಪು ಮಾಡಿದ. ನಾನು ಯಾವತ್ತೋ ಕ್ಷಮಿಸಿದ್ದೀನಿ."

"ದೊಡ್ಡ ಮನಸ್ಸು ನಿಮ್ದು," ಎಂದ ಜಯಪ್ಪ. ಪಕ್ಕಕ್ಕೆ ತಿರುಗಿ ಉಗುಳಿದ.

*

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ವರ್ಷ ಇನ್‌ಸ್ಪೆಕ್ಟರು ಬರುತ್ತಾರೆಂದು ಸುದ್ದಿಯಾಯಿತು. ಮೂಲವಸ್ತುಗಳ ಪಟ್ಟಿಯನ್ನು ಬಟ್ಟೆಯ ಮೇಲೆ ಬರೆಯುವ ಕೆಲಸ, ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಬೆಳ್ಳಪ್ಪನ ತಲೆಗೆ ಬಿತ್ತು. ಪುಸ್ತಕದಲ್ಲಿ ಒಂದೊಂದು ಪರಮಾಣುವಿಗೂ ಒಂದೊಂದು ಗಾತ್ರದ ವೃತ್ತವಿತ್ತು. ಅವನು ಮನೆಯ ಸಾಮಾನನ್ನೇ ಇಟ್ಟು ಗೆರೆ ಎಳೆದ. ಸೋಡಿಯಮ್ಮಿಗೆ ಗುತ್ಯಮ್ಮನ ಬಳೆ. ಅದರ ಕೆಳಗಿನ ಪೊಟ್ಯಾಸಿಯಮ್ಮಿಗೆ ಚೊಂಬಿನ ಬಾಯಿ. ಸೋಡಿಯಮ್ಮಿನ ಸಾಲಿನಲ್ಲೇ ಬಲಕ್ಕೆ ಹೋದಂತೆ ಸಣ್ಣದಾಗುತ್ತ ಹೋಗಿ, ಕ್ಲೋರಿನ್ನಿಗೆ ಇಂಕಿನ ಬಾಟಲಿಯ ಮುಚ್ಚಳ.

"ಭಾರ ಜಾಸ್ತಿ ಆಗ್ತದೆ ಅಂತೀರಿ, ಮತ್ತೆ ಯಾಕೆ ಸಣ್ಣ ಆಗ್ತವೆ?" ಎಂದು ಗುತ್ಯಮ್ಮ ಕೇಳಿದ್ದಳು.

"ನಡುವೆ ಇರೋದ್ರ ಎಳೆತ ಜೋರಾಗ್ತಾ ಹೋಗ್ತದೆ ಕಣೆ. ಸುತ್ತ ಇರೋವು ಒಳಕ್ಕೆ ಸರೀತವೆ. ಹಿಂದಿನ ಮೇಷ್ಟ್ರು ಪಾಠ ಮಾಡ್ವಾಗ ಬಾಗಿಲಲ್ಲಿ ನಿಂತು ಕೇಳಿದ್ದೆ."

ಸುಬ್ಬರಾಯ ಮೇಷ್ಟ್ರು ಪಟ ನೋಡಿ ಕೆಂಡವಾದರು. "ಭಾರ ಹೆಚ್ಚಾದ್ರೆ ಗಾತ್ರ ಕಮ್ಮಿ ಆಗ್ತದೇನೋ, ಕತ್ತೆ? ಬಲಕ್ಕೆ ಹೋದ ಹಾಗೆ ದೊಡ್ಡದು ಬರಿ!" ಬೆಳ್ಳಪ್ಪ ಪುಸ್ತಕ ತೆರೆಯಲು ಹೋದ. "ನಂಗೇ ಪಾಠ ಹೇಳ್ತೀಯಾ?"

ಹೊಸ ಬಟ್ಟೆಯಲ್ಲಿ ಕ್ಲೋರಿನ್ನು ಚೊಂಬಿನಷ್ಟಾಯಿತು. ಇನ್‌ಸ್ಪೆಕ್ಟರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಂಡಿತರ ಬೆರಳು ಥಟ್ಟನೆ ಬೆಳ್ಳಪ್ಪನ ಕಡೆ ತಿರುಗಿತು. "ಈ ಹೆಬ್ಬೆಟ್ಟು ಬರೆದದ್ದು ಸಾರ್."

ಮರುದಿನದಿಂದ ಬೆಳ್ಳಪ್ಪನಿಗೆ ಪ್ರಯೋಗಾಲಯ ತಪ್ಪಿತು. ಗಂಟೆ ಹೊಡೆಯಬೇಕು, ಕಕ್ಕಸು ತೊಳೆಯಬೇಕು. ಶಾಲೆಗೆಲ್ಲ ಅವನು 'ಉಲ್ಟಾ ಬೆಳ್ಳಪ್ಪ'ನಾದ. ಸಾಯುವ ತನಕ ಅದೇ ಹೆಸರು ಉಳಿಯಿತು.

*

ಗುತ್ಯಮ್ಮ ಒಳಗೆ ಹೋಗಿ ಅಟ್ಟದಿಂದ ಮೊದಲಿನ ಬಟ್ಟೆ ತಂದು ಗಂಡನ ಎದೆಯ ಮೇಲೆ ಹಾಸಿದಳು.

"ಹೊತ್ತಾತು. ಕೈ ಕೊಡೆ, ಬಳೆ ಒಡೀಬೇಕು," ಎಂದಳು ಮುದುಕಿ ದುಗ್ಗಮ್ಮ.

"ತಡಿ ದುಗ್ಗಮ್ಮತ್ತೆ." ಗುತ್ಯಮ್ಮ ತಾನೇ ಒಂದು ಹಸಿರು ಬಳೆ ಕಳಚಿ ಸೋಡಿಯಮ್ಮಿನ ಮೇಲಿಟ್ಟಳು. ಬಳೆ ಗೆರೆಯ ಮೇಲೆ ಸರಿಯಾಗಿ ಕೂತಿತು. ಅದನ್ನು ಬಲಕ್ಕೆ ಸರಿಸುತ್ತ ಹೋದಳು. ಒಂದೊಂದು ವೃತ್ತವೂ ಬಳೆಯೊಳಗೆ ಸಣ್ಣದಾಗುತ್ತ ಬಂತು. ಮತ್ತೆ ತಂದು ಸೋಡಿಯಮ್ಮಿನ ಮೇಲೇ ಇಟ್ಟಳು.

"ಇದು ಅವ್ರು ಮೊದ್ಲು ಬರ್ದಿದ್ದು. ಸರಿಯೋ, ತಪ್ಪೋ?"

ಮೇಷ್ಟ್ರು ಗಡಿಯಾರ ನೋಡಿಕೊಂಡರು. "ಸ್ಕೂಲಿಗೆ ಹೊತ್ತಾಯ್ತು..."

ಚಟ್ಟ ಕಟ್ಟುತ್ತಿದ್ದ ಗಿರಿಯಪ್ಪ ಹಗ್ಗ ಬಿಟ್ಟು ಎದ್ದ. ಅವನು ಮೇಷ್ಟ್ರ ಹಳೆಯ ಶಿಷ್ಯ. "ಗಂಟೆ ಹೊಡಿಯೋರೇ ಇಲ್ಲಿ ಮಲಗಿದಾರೆ ಸಾರ್. ನಾನೂ ಅವ್ರನ್ನ ಉಲ್ಟಾ ಅಂತ ಕರ್ದವ್ನೇ. ಹೇಳಿ."

"ಪುಸ್ತಕದಲ್ಲಿ... ಹಾಗೂ ಇರಬಹುದು," ಎಂದು ಮೇಷ್ಟ್ರು ಗೊಣಗಿದರು. ಥೂ, ಹೆಣದ ಮುಂದೆಯೂ ಆ ಬಾಯಿಂದ ಹೊರಟದ್ದು ಅಷ್ಟೇ.

"ಸಾಕು. ಆ ಹಾರ ವಾಪಸ್ ತಗಂಡ್ಹೋಗಿ," ಎಂದಳು ಗುತ್ಯಮ್ಮ.

"ಬಳೆ?" ಎಂದಳು ದುಗ್ಗಮ್ಮ.

"ಅದು ಅಲ್ಲೇ ಇರ್ಲಿ. ಉಳಿದವನ್ನ ಒಡೀರಿ."

ಮೇಷ್ಟ್ರು ಕೋಟಿಗೆ ನೀರು ತೊಟ್ಟಿಕ್ಕುತ್ತಿದ್ದ ಹಾರ ಹಿಡಿದು ಬೇಲಿಗೆ ಒತ್ತಿಕೊಂಡು ನಿಂತರು. ಜಯಪ್ಪನೂ ಗಿರಿಯಪ್ಪನೂ ಚಟ್ಟಕ್ಕೆ ಹೆಗಲು ಕೊಟ್ಟು ಅವರನ್ನು ದಾಟಿ ಆನಂದಪುರದ ರಸ್ತೆಗೆ ಇಳಿದರು. ಬೆಳ್ಳಪ್ಪನ ಎದೆಯ ಮೇಲೆ ಹಸಿರು ಬಳೆ ತನ್ನ ಗೆರೆ ಬಿಟ್ಟು ಕದಲಲಿಲ್ಲ.