ನಾಲಗೆಗೆ ಹತ್ತಿದ ಅಂಟು

ಬಾಟಲಿಯ ಮೂತಿಯಿಂದ ಮಂಜಿನಂತೆ ಹಾರಿದ್ದು ನಾಲಗೆಯ ಮೇಲೆ ಕೂತು ಮಿರುಗುತ್ತಿದೆ, ಜಾರುತ್ತಿಲ್ಲ, ಬಿಳಿ ಬೂಷ್ಟಿನ ಮೇಲೆ ತೆಳ್ಳನೆಯ ಪೊರೆಯಾಗಿ ಹಬ್ಬಿದೆ — ವಿಲಾಸಿನಿಯ ಎದೆ ಹಿಗ್ಗಿತು, ಎಷ್ಟು ವರ್ಷ ಹಂದಿಯ ಕೆನ್ನೆಯ ಒಳಚರ್ಮದ ಮೇಲೆ ಸಿಂಪಡಿಸಿ ನೋಡಿದ್ದಳು, ಔಷಧಿ ತೊಳೆದುಹೋಗುತ್ತಲೇ ಇತ್ತು, ಈಗ ಮೊದಲ ಸಲ ಮನುಷ್ಯನ ಬಾಯಲ್ಲಿ, ಹಾಟ್ ಯಾಯ್‌ನ ಈ ಆಸ್ಪತ್ರೆಯಲ್ಲಿ, ತಾನು ದೊಡ್ಡಪ್ಪ ಎಂದೇ ಕರೆಯುವ ರೋಗಿ ಚಮ್ನಾನನ ಬಾಯಲ್ಲಿ, ಗಂಟಲ ಕ್ಯಾನ್ಸರ್‌ಗೆ ವಿಕಿರಣ ಕೊಟ್ಟ ಮೇಲೆ ಜೊಲ್ಲು ಬತ್ತಿ ಬೂಷ್ಟು ಹಿಡಿದ ಬಾಯಿ, ಗಂಜಿಗೂ ಉರಿಯುವ ಬಾಯಿ, ಆದರೂ ತಮಾಷೆ ಬಿಡದ ಬಾಯಿ, ರಬ್ಬರ್ ಹಾಲು ಇಳಿಸೋನಿಗೇ ಅಂಟು ತೋರಿಸ್ತೀರಾ ಡಾಕ್ಟ್ರಮ್ಮಾ ಎಂದು ಈಗಷ್ಟೇ ನಕ್ಕಿದ್ದ, ಪಕ್ಕದಲ್ಲಿ ಅವನ ಹೆಂಡತಿ ಸಾಯ್‌ಪಿನ್ ಬಾಟಲಿ ತಿರುಗಿಸಿ ನೋಡುತ್ತ, ಇದನ್ನ ಯಾತರಿಂದ ಮಾಡ್ತಾರಮ್ಮಾ ಎನ್ನುತ್ತಾಳೆ, ಔಷಧಿ ಬೇರೆ ದೊಡ್ಡಮ್ಮ, ಅದನ್ನ ಹಿಡಿದಿಡೋ ಅಂಟು ಸಿಗಡಿ ಚಿಪ್ಪಿಂದು, ಸಿಗಡಿಯಾ, ಅಯ್ಯೋ, ಸಿಗಡಿ ತಿಂದ್ರೆ ಇವರಿಗೆ ಉಸಿರೇ ಕಟ್ಟುತ್ತಲ್ಲ! — ಸಿಗಡಿಯಿಂದ ಏನೂ ತೊಂದರೆಯಿಲ್ಲ ಅಂದಿದ್ದನಲ್ಲ, ತಾನೇ ಕೇಳಿದ್ದಳು, ಬಿಡಿಸಿ ಬಿಡಿಸಿ ಕೇಳಿದ್ದಳು, ಯಾಕೆ ಸುಳ್ಳು ಹೇಳಿದ್ರಿ ದೊಡ್ಡಪ್ಪ, ಅವನು ನೆಲ ನೋಡುತ್ತಾನೆ, ನಿಜ ಹೇಳಿದ್ರೆ ಈ ಪ್ರಯೋಗಕ್ಕೆ ನನ್ನ ಸೇರಿಸ್ಕೋತಿರಲಿಲ್ಲ, ಒಂದು ತುತ್ತು ಅನ್ನ ನೆಮ್ಮದಿಯಾಗಿ ನುಂಗಬೇಕು ಅನ್ನಿಸಿತ್ತು ಕಣಮ್ಮ.

ಮುಕ್ಕಳಿಸಿ, ಉಗುಳಿ, ಇನ್ನೊಮ್ಮೆ — ಬರೀ ನೀರು ಬರುತ್ತದೆ, ಪೊರೆ ಬಿಡದು, ಹತ್ತಿಯಿಂದ ಒರೆಸಿದರೂ ಬಿಡದು, ಬಿಡಬಾರದೆಂದೇ ಅಲ್ಲವೇ ಇಷ್ಟು ವರ್ಷ ಒದ್ದಾಡಿದ್ದು, ಹೋಗು, ದಮ್ಮಯ್ಯ ಹೋಗು, ಅವನ ಕೆಳತುಟಿ ದಪ್ಪಗಾಯಿತೋ ತನ್ನ ಕಣ್ಣಿಗೇ ಹಾಗೆ ಕಾಣುತ್ತಿದೆಯೋ, ಇಲ್ಲ, ಊದುತ್ತಿದೆ, ಉಸಿರು ಸಿಳ್ಳೆ ಹಾಕುತ್ತಿದೆ, ಸಿಸ್ಟರ್, ಇಂಜೆಕ್ಷನ್, ತೊಡೆಗೆ, ಬಟ್ಟೆ ಮೇಲೇ ಚುಚ್ಚಿ, ಸಾಯ್‌ಪಿನ್ ಅವನ ಪಾದ ಹಿಡಿದು ಬೈಯುತ್ತಿದ್ದಾಳೆ, ಸತ್ತುಗಿತ್ತು ಹೋದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ ನೋಡ್ರೀ, ಆಮ್ಲಜನಕದ ಮುಖವಾಡದೊಳಗೆ ಆವಿ ಕಟ್ಟುತ್ತದೆ, ಕರಗುತ್ತದೆ, ಕಟ್ಟುತ್ತದೆ, ವಿಲಾಸಿನಿಯೂ ಅವನ ಜೊತೆಗೇ ಉಸಿರೆಳೆಯುತ್ತಾಳೆ, ಸಿಳ್ಳೆ ಸಣ್ಣಗಾಯಿತು, ಸಣ್ಣಗಾಗಿ ನಿಂತಿತು, ಉಸಿರು ಸರಾಗವಾಯಿತು. ಇವನಿಗೆ ಇನ್ನು ಇದು ಸಲ್ಲದು, ಯಾರಿಗೂ ಸದ್ಯಕ್ಕಿಲ್ಲ, ಪ್ರಯೋಗ ನಿಲ್ಲಿಸಿದೆ ಎಂದು, ಅದಕ್ಕೆ ಒಪ್ಪಿಗೆ ಕೊಟ್ಟ ಸಮಿತಿಗೆ ತಾನೇ ಹೋಗಿ ಹೇಳಬೇಕು, ಚಿಪ್ಪಿಲ್ಲದ ಅಂಟು ಹುಡುಕಬೇಕು, ಮೊದಲಿಂದ, ಮತ್ತೆ ಹಂದಿಯ ಕೆನ್ನೆಯಿಂದ — ಮುಖವಾಡ ಸರಿಸಿ ಅವನು ಊದಿದ ತುಟಿಯಲ್ಲೇ ತೊದಲುತ್ತಾನೆ, ಅಂಟ್ಕೊಂಡಿದ್ಯಾ ನೋಡಿ ಡಾಕ್ಟ್ರಮ್ಮಾ, ಬಾಯಿ ತೆರೆಯುತ್ತಾನೆ, ನೋಡಬಾರದು ಅನ್ನಿಸಿದರೂ ಅವಳು ದೀಪ ಹಿಡಿಯುತ್ತಾಳೆ, ನಾಲಗೆಯ ಮೇಲೆ ಆ ಪೊರೆ, ಹಾಗೇ, ಮಿರುಗುತ್ತ, ಒಂದಿಷ್ಟೂ ಕದಲದೆ